ಎಲೆನೀರು

ಮೇಸ್ತ್ರಿ ಗಾಜಿನ ಲೋಟವನ್ನು ತೊಟ್ಟಿಯಲ್ಲಿ ಅದ್ದಿ ತುಂಬಿಸಿಕೊಂಡು ಬಾಗಿಲ ಬೆಳಕಿಗೆ ಬಂದ. ಜೇಬಿನಿಂದ ನಾಲ್ಕು ಮಡಿಕೆಯ ಪತ್ರಿಕೆಯ ತುಂಡು ತೆಗೆದು ಲೋಟಕ್ಕೆ ಹಿಂದಿನಿಂದ ಒತ್ತಿ ಹಿಡಿದ. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ನೀರಿನ ಮೂಲಕ ಓದತೊಡಗಿದ.

“‘ಬಾಡಿಗೆಗೆ ಇದೆ. ಎರಡು ಕೋಣೆ, ಒಂದು ಅಡುಗೆಮನೆ, ಗಾಳಿ ಬೆಳಕು ಚೆನ್ನಾಗಿದೆ.’ ಕೇಳಿಸ್ತಾ ಅಕ್ಕ? ಇರುವೆಯಷ್ಟು ಅಕ್ಷರ. ಒಂದು ಒತ್ತೂ ತಪ್ಪಲಿಲ್ಲ.”

“ಫೋನ್ ನಂಬರೂ ಓದಿಬಿಡು,” ಎಂದರು ಬಾಗಿಲ ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಕುಳಿತಿದ್ದ ಭಾವ. “ಮೀನುಗಳಿಗೆ ಮನೆ ಬದಲಾಯಿಸಬೇಕು ಅನ್ನಿಸಿದ್ರೆ ಬೇಕಾಗುತ್ತೆ.”

ಭಾವನ ಮಾತಿಗೆಲ್ಲ ಉತ್ತರ ಕೊಡುತ್ತ ಕೂತರೆ ಹೊತ್ತು ಮುಳುಗುತ್ತದೆಯೇ ಹೊರತು ಕೆಲಸ ಸಾಗುವುದಿಲ್ಲ ಎಂಬುದನ್ನು ಮೇಸ್ತ್ರಿ ಮೂವತ್ತು ವರ್ಷಗಳಿಂದ ಬಲ್ಲ. ನಲ್ಲಿ, ಪೈಪು, ಟ್ಯಾಂಕು, ಫಿಲ್ಟರು, ಇವೇ ಅವನ ಬದುಕು. ದೊಡ್ಡಾಸ್ಪತ್ರೆಯಿಂದ ಹಿಡಿದು ಹೋಟೆಲುಗಳ ಬಚ್ಚಲವರೆಗೆ ಊರಿನಲ್ಲಿ ಅವನ ಕೈ ತಾಗದ ನಲ್ಲಿಯಿಲ್ಲ. ಎಲ್ಲಿ ಕೆಲಸ ಮಾಡಿದರೂ ಕೊನೆಗೆ ಒಂದು ಲೋಟ ನೀರು ಹಿಡಿದು, ಹಿಂದೆ ಪತ್ರಿಕೆಯಿಟ್ಟು, ಎಲ್ಲಕ್ಕಿಂತ ಸಣ್ಣ ಜಾಹೀರಾತನ್ನು ಗಟ್ಟಿಯಾಗಿ ಓದಿದ ಮೇಲೆಯೇ ಅವನು ಸಾಮಾನು ಕಟ್ಟುತ್ತಿದ್ದದ್ದು. ಓದಿಸುವ ನೀರು ನೀರು. ಓದಿಸದ ನೀರು ಹೊಲಸು. ಮೂರನೆಯದೊಂದು ಇರಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುವ ಆಸಾಮಿಯಲ್ಲ.

ಅಕ್ಕ ತೊಟ್ಟಿಯ ಅಂಚಿಗೆ ಎರಡೂ ಕೈ ಊರಿ ಬಗ್ಗಿ ನಿಂತಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ತನ್ನ ತೊಟ್ಟಿಯ ತಳ ಕಾಣಿಸುತ್ತಿತ್ತು. ಮೂಲೆಯ ಸಿಮೆಂಟಿನಲ್ಲಿ ಗಾರೆಯವನು ಬಿಟ್ಟಿದ್ದ ಕೈಗುರುತು ಕೂಡ ಸ್ಪಷ್ಟವಾಗಿತ್ತು. ಮೀನಿನ ಮರಿಗಳು ಒಂದೊಂದೂ ಕಾಣುತ್ತಿದ್ದವು: ಉಗುರಿನ ಉದ್ದ, ಹುಲ್ಲುಕಡ್ಡಿಯ ದಪ್ಪ, ಬಾಲದ ತುದಿಗೆ ಮಾತ್ರ ಯಾರೋ ಕುಂಕುಮ ಮುಟ್ಟಿಸಿದ ಹಾಗೆ ಒಂದು ಕೆಂಪು ಚುಕ್ಕೆ.

“ಚೆನ್ನಾಗಿ ಕಾಣ್ಸುತ್ತೆ ಕಣೋ,” ಅಂದಳು. “ಅದಕ್ಕೇ ನೋಡ್ತಾ ಇದೀನಿ. ಎಲ್ಲಾ ಈ ಮೂಲೆಗೆ ಬಂದು ಒತ್ಕೊಂಡಿವೆ. ನೀರು ಬೀಳೋ ಕಡೆ ಒಂದೂ ಇಲ್ಲ.”

“ನಾಚಿಕೆ ಅವಕ್ಕೆ. ಹುಟ್ಟಿದಾಗಿಂದ ಕತ್ತಲಲ್ಲಿ ಇಟ್ಟಿದ್ದೆ. ಬೆಳಕು ಅಂದ್ರೇನು ಅಂತ ಈಗ ನೋಡ್ತಾ ಇವೆ.”

“ಮೊದಲು ನೀರು ಬೀಳೋ ಕಡೆಗೇ ಮುಖ ಮಾಡಿ ನಿಂತಿರ್ತಿದ್ವು.”

“ಮೊದಲು ಎಲ್ಲಿ ನಿಂತಿದ್ವು ಅಂತ ನಿಂಗೇನು ಗೊತ್ತು, ಏನೂ ಕಾಣ್ತಾನೇ ಇರ್ಲಿಲ್ವಲ್ಲ,” ಎಂದ ಮೇಸ್ತ್ರಿ. ಅಕ್ಕ ಮತ್ತೆ ತೊಟ್ಟಿಯತ್ತ ಬಗ್ಗಿದಳು. ಗೆದ್ದೆನೆಂದು ತಿಳಿದು ಅವನು ಲೋಟದ ನೀರನ್ನು ಗಟಗಟ ಕುಡಿದುಬಿಟ್ಟ.

ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದೆ, ಮರಗಳ ಇಳಿಜಾರು ಮುಗಿಯುವಲ್ಲಿ ಅಕ್ಕನ ಶೆಡ್ಡು. ಇಟ್ಟಿಗೆ ಒಣಗಿಸುತ್ತಿದ್ದ ತಗಡಿನ ಮಾಡಿನ ಕೆಳಗೆ ಈಗ ಸಿಮೆಂಟಿನ ಆರು ತೊಟ್ಟಿಗಳು. ಅವುಗಳಲ್ಲಿ ಅವಳು ಕೆಂಬಾಲ ಎಂಬ ಪುಟ್ಟ ಹೊಳೆಮೀನನ್ನು ಉಳಿಸಿಕೊಂಡು ಬಂದಿದ್ದಳು. ಮಾರುವುದಕ್ಕಲ್ಲ. ತಿನ್ನುವುದಕ್ಕೆ ಅದರಲ್ಲಿ ಏನೂ ಇಲ್ಲ, ಮುಳ್ಳು ಬಿಟ್ಟರೆ. ಹಿಂದೆ ಕಾರ್ಖಾನೆಯ ಪಕ್ಕದಲ್ಲೇ ಹರಿಯುತ್ತಿದ್ದ ತೊರೆಯನ್ನು ರಸ್ತೆಗಾಗಿ ಸಿಮೆಂಟು ಪೈಪಿನೊಳಗೆ ಹೂಳಿದಾಗ, ಅವಳು ಹಳೆಯ ಬಕೆಟ್ಟು ಹಿಡಿದು ಕೆಸರಿಗಿಳಿದು ಸಿಕ್ಕಷ್ಟನ್ನು ತಂದಿದ್ದಳು. ಅಂದಿನಿಂದ ಆ ಮೀನು ಇರುವುದು ಈ ಆರು ತೊಟ್ಟಿಗಳಲ್ಲಿ ಮಾತ್ರ. ಈಗ ತೊರೆಯ ಒಂದು ಮೈಲಿಯಷ್ಟು ಭಾಗವನ್ನು ಅಗೆದು ಮತ್ತೆ ಬಯಲಿಗೆ ತಂದಿದ್ದರು. ತೊರೆ ಸಂಘದವರು ಮರಿಗಳನ್ನು ಒಯ್ದು ಅಲ್ಲಿ ಬಿಡುವವರಿದ್ದರು. ಆದರೆ ತಾಯಿಮೀನುಗಳಿಗೆ ವಯಸ್ಸಾಗಿತ್ತು. ಈ ವರ್ಷ ಒಂದೇ ಸಲ ಮೊಟ್ಟೆಯಿಟ್ಟು ಒಂದೊಂದಾಗಿ ಹೋಗಿಬಿಟ್ಟವು. ಐದು ತೊಟ್ಟಿ ಖಾಲಿ. ಉಳಿದದ್ದು ಆರನೆಯ ತೊಟ್ಟಿಯ ಮೂರು ಸಾವಿರ ಮರಿ. ಇವು ಹೋದರೆ ಕೆಂಬಾಲವೂ ಹೋಯಿತು.

ಮೂರು ವಾರದ ಹಿಂದೆ ಸಂಘದ ಕಾರ್ಯದರ್ಶಿ ತೊಟ್ಟಿಗಳನ್ನು ನೋಡಲು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಡಿಕಾಕ್ಷನ್ನಿನ ಹಾಗಿದ್ದ ಕಂದು ನೀರನ್ನು ನೋಡಿ ಮೂಗಿನ ಹತ್ತಿರ ಕರ್ಚೀಫು ತಂದು, “ಇದು ತೊಟ್ಟಿಯೋ ಚರಂಡಿಯೋ?” ಎಂದು ನಕ್ಕ. ಅಕ್ಕ ಕೂಡ ನಕ್ಕು, “ಎಲೆನೀರು ಸಾರ್, ಇವು ಅದರಲ್ಲೇ ಇರೋದು,” ಎಂದಳು. ಆದರೆ ಅಲ್ಲೇ ನಲ್ಲಿಯ ವಾಷರು ಬದಲಿಸುತ್ತಿದ್ದ ಮೇಸ್ತ್ರಿಯ ಕಿವಿ ಕೆಂಪಾಯಿತು. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವನು ಕೆಲಸ ಕಲಿತದ್ದು ಅವಳ ಮನೆಯ ಜಗಲಿಯಲ್ಲಿ ಮಲಗಿ, ಅವಳು ಬಡಿಸಿದ್ದನ್ನು ಉಂಡು. ಆ ಅಕ್ಕನ ಎದುರಿಗೇ ಒಬ್ಬ ಚರಂಡಿ ಅಂದುಬಿಟ್ಟನಲ್ಲ. ಅದೂ ಊರಿಗೆಲ್ಲ ಶುದ್ಧ ನೀರು ಕುಡಿಸುವ ತಮ್ಮ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ಕೂತಿರುವಾಗ.

ಮಾರನೆಯ ವಾರವೇ ಅವನು ಬೇರೆ ಕೆಲಸಗಳನ್ನೆಲ್ಲ ಬದಿಗೊತ್ತಿ ಬಂದ. ಅಕ್ಕ ಬೇಡವೆಂದಳು. “ನೀನು ಸುಮ್ನಿರು, ನಂಗೆ ಗೊತ್ತು,” ಅಂದ. ಇಳಿಜಾರಿನ ಮೇಲೆ ಮರಗಳ ಬುಡದಲ್ಲಿ ಒಂದು ಒರತೆಯಿದೆ. ಅದರ ನೀರು ಒಂದು ಗುಂಡಿಗೆ ಇಳಿದು, ಅಲ್ಲಿ ವರ್ಷಗಟ್ಟಲೆ ಉದುರಿ ಕೊಳೆತ ಎಲೆಗಳ ನಡುವೆ ನಿಂತು, ಬಣ್ಣ ಹಿಡಿದು, ಆಮೇಲೆ ಪೈಪಿನಲ್ಲಿ ಶೆಡ್ಡಿಗೆ ಬರುತ್ತಿತ್ತು. ಅಕ್ಕ ಆಗಾಗ ಅದಕ್ಕೆ ಇನ್ನೊಂದು ಬುಟ್ಟಿ ತರಗೆಲೆ ಸುರಿಯುತ್ತಿದ್ದಳು. ಮೇಸ್ತ್ರಿ ಆ ಎಲೆಗುಂಡಿಯನ್ನು ಬರಿದು ಮಾಡಿ, ಇಪ್ಪತ್ತು ವರ್ಷದ ಕಪ್ಪು ಲೋಳೆಯನ್ನೆಲ್ಲ ಕೆರೆದು ಬೇಲಿಯಾಚೆ ಎಸೆದು, ಕಲ್ಲು ಉಜ್ಜಿ ತೊಳೆದ. ಪೈಪಿನ ಒಳಗೆಲ್ಲ ಕಂದು ಪೊರೆ ಕಟ್ಟಿತ್ತು. ಅದಕ್ಕೆ ಆಸಿಡ್ ಹಾಯಿಸಿ, ಮೇಲಿಂದ ಮೇಲೆ ನೀರು ಬಿಟ್ಟು ತೊಳೆದ. ಕೊನೆಗೆ ಇದ್ದಿಲು ತುಂಬಿದ ಎದೆಯೆತ್ತರದ ಫಿಲ್ಟರನ್ನು ಒರತೆಯ ಬಾಯಿಯಲ್ಲೇ ಕೂರಿಸಿದ. ಕೊಳೆಯನ್ನು ಮೂಲದಲ್ಲೇ ತಡೆಯಬೇಕು, ಮನೆಯವರೆಗೆ ಬಿಟ್ಟುಕೊಳ್ಳಬಾರದು ಎಂಬುದು ಅವನ ಕಸುಬಿನ ಮೊದಲ ಪಾಠ.

ಲೋಟದ ಮೂಲಕ ಪತ್ರಿಕೆ ಓದಿದ್ದು ಭಾನುವಾರ. ಸೋಮವಾರ ಬೆಳಿಗ್ಗೆ ನೀರು ಹೊರಹೋಗುವ ಜಾಲರಿಗೆ ಹನ್ನೊಂದು ಮರಿ ಸತ್ತು ಅಂಟಿದ್ದವು. ಮಧ್ಯಾಹ್ನಕ್ಕೆ ನಲವತ್ತು. ಮಂಗಳವಾರ ಬೆಳಿಗ್ಗೆ ಅಕ್ಕ ಎಣಿಸುವುದನ್ನು ಬಿಟ್ಟು ಚಹಾದ ಲೋಟದಿಂದ ಅಳೆಯತೊಡಗಿದ್ದಳು.

“ಮೇವು ಬದಲಾಯಿಸಿದ್ಯಾ?” ಎಂದು ಕೇಳಿದ ಮೇಸ್ತ್ರಿ, ಬಂದವನೇ.

“ಇಲ್ಲ.”

“ಜಾಸ್ತಿ ಹಾಕಿರ್ತೀಯ. ಕೈಗೆ ಸೋಪು ಗೀಪು ಅಂಟಿತ್ತೇನೋ.”

“ಇಪ್ಪತ್ತೊಂದು ವರ್ಷದಿಂದ ಹಾಕ್ತಾ ಇದೀನಿ ಕಣೋ, ನನ್ನ ಕೈ ಇವತ್ತು ಹೊಸದಾಯ್ತಾ?”

“ಹಾಗಾದ್ರೆ ನನ್ನ ನೀರು ಕೆಟ್ಟದ್ದಾ? ಹೇಳಿಬಿಡು, ಬಾಯಿ ಬಿಟ್ಟು ಹೇಳಿಬಿಡು. ನಾನೇ ಕುಡಿದಿದೀನಿ, ನಿನ್ನ ಕಣ್ಣೆದುರಿಗೆ. ನಾನು ಸತ್ನಾ?”

“ನೀನು ಮೀನಲ್ವಲ್ಲ,” ಎಂದರು ಭಾವ ಬೆಂಚಿನಿಂದ. ಅವರ ದನಿಯಲ್ಲಿ ಇವತ್ತು ನಗೆಯಿರಲಿಲ್ಲ. “ಆಗಿದ್ದಿದ್ರೆ ಇಷ್ಟು ಹೊತ್ತು ಬಾಯಿ ಮಾಡ್ತಿರ್ಲಿಲ್ಲ.”

“ಭಾವ, ನೀವು ನಡುವೆ ಬರ್ಬೇಡಿ.” ಮೇಸ್ತ್ರಿ ಅಕ್ಕನ ಕಡೆ ತಿರುಗಿದ. “ಹೊಲಸಲ್ಲಿ ಸಾಕಿ ಸಾಕಿ ಹೊಲಸಿಗೇ ಒಗ್ಗಿಸಿಬಿಟ್ಟಿದೀಯ. ಒಳ್ಳೆ ನೀರು ಕೊಟ್ರೆ ತಡ್ಕೊಳ್ಳೋ ಶಕ್ತಿ ಇಲ್ಲ ಅವಕ್ಕೆ. ತಪ್ಪು ನೀರಿಂದಲ್ಲ, ಸಾಕಿದವರದ್ದು.”

ಅಂದ ಮೇಲೆ ಮಾತು ಹೆಚ್ಚಾಯಿತೆಂದು ಅವನಿಗೇ ಅನ್ನಿಸಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಅಕ್ಕ ಸೆರಗಿನಲ್ಲಿ ಕೈಯೊರೆಸಿಕೊಂಡಳು. “ನೀರು ಒಳ್ಳೇದೋ ಕೆಟ್ಟದ್ದೋ ನಂಗೆ ಗೊತ್ತಿಲ್ಲ,” ಅಂದಳು. “ನೀರನ್ನ ತೊಳೆದುಬಿಟ್ಟೆ ನೀನು. ಅದು ಮಾತ್ರ ಗೊತ್ತು.”

ನೀರನ್ನು ತೊಳೆಯುವುದು ಎಂದರೇನು? ಹುಚ್ಚು ಮಾತು. ಸಿಟ್ಟಿನಿಂದ ಶೆಡ್ಡಿನ ಹಿಂಭಾಗಕ್ಕೆ ನಡೆದ ಮೇಸ್ತ್ರಿಗೆ ಗೋಡೆಯ ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟ ಬಕೆಟ್ಟು ಕಾಣಿಸಿತು. ಚೀಲ ಸರಿಸಿದ. ಒಳಗೆ ಹಳೆಯ ಕಂದು ನೀರು.

“ಇದೇನು?”

ಅಕ್ಕ ಓಡಿ ಬಂದಳು. “ಅದನ್ನ ಮುಟ್ಬೇಡ. ನೀನು ಗುಂಡಿ ತೊಳೆಯೋಕೆ ಮುಂಚೆ ಒಂದು ಬಕೆಟ್ಟು ಎತ್ತಿಟ್ಟಿದ್ದೆ. ಅದರಲ್ಲಿ ಇಪ್ಪತ್ತು ಮರಿ ಇವೆ.”

ಕೆಲಸ ಶುರುವಾಗುವ ಮೊದಲೇ ಎತ್ತಿಟ್ಟಿದ್ದಾಳೆ. ಅಂದರೆ ಅವನು ಒರತೆಯ ಹತ್ತಿರ ಬೆವರು ಸುರಿಸುತ್ತಿದ್ದಾಗಲೇ ಇವಳಿಗೆ ಅವನ ಮೇಲೆ ನಂಬಿಕೆಯಿರಲಿಲ್ಲ. ಮೇಸ್ತ್ರಿ ಬಕೆಟ್ಟಿನ ಹಿಡಿ ಹಿಡಿದು ಚರಂಡಿಯ ಕಡೆ ಎಳೆದ. ಅಕ್ಕ ಇನ್ನೊಂದು ಕಡೆಯಿಂದ ಹಿಡಿದಳು. ಐವತ್ತೆರಡರ ತಮ್ಮ, ಅರವತ್ತರ ಅಕ್ಕ, ಚಿಕ್ಕಂದಿನಲ್ಲಿ ಬುಗುರಿಗೆ ಎಳೆದಾಡಿದ ಹಾಗೆ ಎಳೆದಾಡಿದರು. ನೀರು ತುಳುಕಿ ಅವನ ಪಾದದ ಮೇಲೆ ಬಿತ್ತು. ಅದರ ಜೊತೆ ನೆಲಕ್ಕೆ ಇನ್ನೇನೋ ಬಿತ್ತು.

ಒಂದು ಮರಿ. ಸಿಮೆಂಟಿನ ಮೇಲೆ ಬಿದ್ದ ಅದು ಟಪ್ ಎಂದು ಗೇಣುದ್ದ ಹಾರಿತು. ಮತ್ತೆ ಹಾರಿತು. ಮೂರನೆಯ ಸಲ ಅವನ ಚಪ್ಪಲಿಯ ಮೇಲೇ ಹಾರಿ ಬಿತ್ತು. ಅಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮೇವಿನ ಚಮಚ ತೆಗೆದು, ಒದ್ದೆ ಮಾಡಿ, ಅದನ್ನು ಸರಕ್ಕನೆ ಎತ್ತಿ ಬಕೆಟ್ಟಿಗೆ ಬಿಟ್ಟಳು. ಮೇಸ್ತ್ರಿ ಹಿಡಿಯನ್ನು ಬಿಟ್ಟಿದ್ದ. ಆರನೆಯ ತೊಟ್ಟಿಯಲ್ಲಿ ಬದುಕಿದ್ದ ಮರಿಗಳನ್ನು ಅವನು ಈಗಷ್ಟೇ ನೋಡಿ ಬಂದಿದ್ದ. ಬೆರಳು ತಾಗಿಸಿದರೂ ಅವು ಅಲುಗುತ್ತಿರಲಿಲ್ಲ. ಕಿವಿರು ಅಗಲಿಸಿಕೊಂಡು, ಏದುಸಿರು ಬಿಡುವ ಮುದುಕರ ಹಾಗೆ ನಿಂತಲ್ಲೇ ತೂಗಾಡುತ್ತಿದ್ದವು. ಅದೇ ತಾಯಿಯ, ಅದೇ ದಿನದ ಮರಿ ಇದು. ಅವನ ಕಾಲಿನ ಮೇಲೆ ಹಾರಿ ಕೂತಿತ್ತು.

“ಇಪ್ಪತ್ತರಲ್ಲಿ ಎಷ್ಟು ಸತ್ತಿವೆ?” ಎಂದು ಕೇಳಿದ.

“ಒಂದೂ ಇಲ್ಲ.”

ಅವನು ಭಾವನ ಫೋನು ಇಸಿದುಕೊಂಡು ಮೀನುಗಾರಿಕೆ ಕಚೇರಿಗೆ ತಾನೇ ಫೋನು ಮಾಡಿದ.

ನೀರು ಪರೀಕ್ಷೆಯ ಮೇಡಂ ಹನ್ನೊಂದು ಗಂಟೆಗೆ ಸ್ಕೂಟರಿನಲ್ಲಿ ಬಂದರು. ಜೋರು ನೆಗಡಿ, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಪೆಟ್ಟಿಗೆ ಬಿಚ್ಚಿ, ಪುಟ್ಟ ಸೀಸೆಗಳಲ್ಲಿ ನೀರು ಹಿಡಿದು, ಹನಿ ಹಾಕಿ, ಬಣ್ಣ ಬರುವುದನ್ನು ಕಾದು ಬರೆದುಕೊಂಡರು. ನೀರಿನಲ್ಲಿ ಗಾಳಿ ಚೆನ್ನಾಗಿಯೇ ಇತ್ತು. ಕೊಳೆತ ಮೇವಿನ ವಿಷವೂ ಇರಲಿಲ್ಲ. ಮೇಸ್ತ್ರಿ ಭಾವನ ಕಡೆ ನೋಡಿದ, ಕೇಳಿಸಿಕೊಂಡಿರಾ ಎನ್ನುವ ಹಾಗೆ.

“ನೀರು ಎಲ್ಲಿಂದ ಬರುತ್ತೆ?”

“ಮೇಲೆ ಒರತೆ. ಕೆಳಗೆ ಎಲೆಗುಂಡಿ ಇತ್ತು, ಅದನ್ನ ಬರಿದು ಮಾಡಿ ಕಲ್ಲು ತೊಳೆದು ಫಿಲ್ಟರ್ ಕೂರಿಸಿದೀನಿ. ಅಲ್ಲಿಂದ ಅರವತ್ತು ಅಡಿ ಪೈಪು.”

“ಯಾವ ಪೈಪು?”

“ತಾಮ್ರ,” ಎಂದ ಮೇಸ್ತ್ರಿ. ಹೇಳುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. “ನಾನೇ ಹಾಕಿದ್ದು. ಅಕ್ಕ ಈ ಶೆಡ್ಡು ಶುರು ಮಾಡ್ದಾಗ. ಎಲ್ರೂ ಪ್ಲಾಸ್ಟಿಕ್ಕು ಹಾಕ್ತಾರೆ, ನಾಲ್ಕು ವರ್ಷಕ್ಕೆ ಬಿರುಕು ಬಿಡುತ್ತೆ. ಇದು ನನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಹದಿನೇಳು ಜಾಯಿಂಟು, ಒಂದೂ ತೊಟ್ಟಿಕ್ಕಲ್ಲ.”

ಮೇಡಂ ಪೆಟ್ಟಿಗೆಯ ತಳದಿಂದ ಬೇರೊಂದು ಸೀಸೆ ತೆಗೆದರು. ಈ ಸಲ ಬಣ್ಣ ಬರುವುದಕ್ಕೆ ತುಂಬ ಹೊತ್ತು ಕಾಯಬೇಕಾಗಲಿಲ್ಲ. ಅವರು ಸೀಸೆಯನ್ನು ಎರಡು ಸಲ ತಿರುಗಿಸಿ ನೋಡಿ, ಬೆಂಚಿನ ಮೇಲಿಟ್ಟು, “ಇದೇ ನೋಡಿ,” ಅಂದರು. “ತಾಮ್ರ ಬಿಡ್ತಾ ಇದೆ ನೀರಿಗೆ.”

“ನಿಮ್ಮ ಸೀಸೆ ಸುಳ್ಳು ಹೇಳುತ್ತೆ,” ಎಂದ ಮೇಸ್ತ್ರಿ. “ಇಪ್ಪತ್ತೊಂದು ವರ್ಷದಿಂದ ಅದೇ ಪೈಪು. ಅವತ್ತಿಂದ ಹೀಗೆ ಒಂದು ಮರಿ ಸತ್ತಿಲ್ಲ, ಕೇಳಿ ಅಕ್ಕನ್ನ.”

“ಅವತ್ತಿಂದ ಎಲೆಗುಂಡಿನೂ ಇತ್ತಲ್ಲ ಮೇಸ್ತ್ರಿಗಳೇ.” ಮೇಡಂ ಸೀನಿದರು. ಸೀನಿ ಮುಂದುವರಿಸಿದರು. “ಎಲೆ ಕೊಳೆತು ನೀರಿಗೆ ಬಿಡೋ ರಸ ಇದೆ ನೋಡಿ, ಅದು ತಾಮ್ರ ಸಿಕ್ಕಿದ್ರೆ ಹಿಡ್ಕೊಂಡುಬಿಡುತ್ತೆ. ಹಾಗೆ ಹಿಡ್ಕೊಂಡಿದ್ದು ಮೀನಿನ ಕಿವಿರಿಗೆ ಅಂಟಲ್ಲ, ನೀರಿನ ಜೊತೆ ಹೊರಗೆ ಹೋಗುತ್ತೆ. ಈಗ ಹಿಡ್ಕೊಳ್ಳೋರು ಯಾರೂ ಇಲ್ಲ. ಸೀದಾ ಕಿವಿರಿಗೆ ಹೋಗಿ ಕೂತಿದೆ. ಕಿವಿರು ಕೆಟ್ರೆ ಮೈಯಲ್ಲಿರೋ ಉಪ್ಪು ಸೋರಿಹೋಗುತ್ತೆ. ಉಪ್ಪು ಹೋದ ಮೇಲೆ ಮೀನು ಇನ್ನೇನು ಮಾಡುತ್ತೆ, ನಿಂತಲ್ಲೇ ತೂಗಾಡುತ್ತೆ.”

ಮೇಸ್ತ್ರಿಯ ಹುಬ್ಬು ಗಂಟಿಕ್ಕಿತು. ಸೋರುವ ವಿಷಯ ಅವನಿಗೆ ಗೊತ್ತಿರುವ ವಿಷಯ. “ಅಂದ್ರೆ ವಾಷರು ಹೋಗಿದೆ.”

“ಹೂಂ, ಹಾಗೇ ಅಂದ್ಕೊಳ್ಳಿ. ಎಲೆನೀರೇ ಇವಕ್ಕೆ ವಾಷರು. ಆ ರಸ ಕಿವಿರಿನ ಮೇಲೂ ತೆಳ್ಳಗೆ ಕೂತು ಸೋರೋದನ್ನ ತಡೆಯುತ್ತೆ. ಎಲ್ಲಾ ಮೀನಿಗೂ ಹೀಗೇ ಅಂತ ನಾನು ಹೇಳಲ್ಲ. ಈ ರಸವೇ ಹೆಚ್ಚಾಗಿ ಮೀನು ಸೊರಗಿದ್ದನ್ನೂ ನೋಡಿದೀನಿ. ಆದ್ರೆ ಇವು ಅಂಥ ನೀರಲ್ಲೇ ಹುಟ್ಟಿ ಬೆಳೆದ ಜಾತಿ.” ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ನಂಗೆ ಅರ್ಥ ಆಗದೆ ಇರೋದು ಒಂದೇ. ಅಷ್ಟು ಹಳೇ ಪೈಪು. ಒಳಗೆ ಪೊರೆ ಕಟ್ಟಿರಬೇಕಲ್ಲ, ಇಷ್ಟೊಂದು ತಾಮ್ರ ಯಾಕೆ ಬಿಡ್ತಾ ಇದೆ?”

ಅಕ್ಕನಿಗೆ ಗೊತ್ತಿತ್ತು. ಭಾವನಿಗೂ ಗೊತ್ತಿತ್ತು, ಆಸಿಡ್ಡಿನ ಡಬ್ಬಿ ಹೊತ್ತುಕೊಟ್ಟವರೇ ಅವರು. ಇಬ್ಬರೂ ಬಾಯಿ ಬಿಡಲಿಲ್ಲ.

“ಕಟ್ಟಿತ್ತು,” ಎಂದ ಮೇಸ್ತ್ರಿ ಕೊನೆಗೆ. “ಆಸಿಡ್ ಹಾಯಿಸಿ ತೊಳೆದೆ. ಒಳಗೆಲ್ಲ ಹೊಸ ಪಾತ್ರೆ ಹಾಗೆ ಹೊಳೀತಿತ್ತು.”

ಮೇಡಂ ಏನೋ ಹೇಳಹೊರಟವರು ಅವನ ಮುಖ ನೋಡಿ ಮೂಗು ಒರೆಸಿಕೊಂಡರು.

“ಫಿಲ್ಟರ್ ತೆಗೆದ್ರೆ ಸಾಕಲ್ವಾ ಮೇಡಂ?” ಎಂದಳು ಅಕ್ಕ. “ಪೈಪು ಇರ್ಲಿ. ಅವನು ಪ್ರೀತಿಯಿಂದ ಹಾಕಿದ್ದು.”

“ಗುಂಡಿ ಬರೀ ಕಲ್ಲಾಗಿದೆ ಅಂತೀರಲ್ಲ. ಮತ್ತೆ ಎಲೆ ಹಾಕಿ ಅದು ಬಣ್ಣ ಬಿಡೋಕೆ ಒಂದು ತಿಂಗಳಾದ್ರೂ ಬೇಕು. ಇವಕ್ಕೆ ಒಂದು ದಿನಾನೂ ಇಲ್ಲ.”

ಮೇಸ್ತ್ರಿ ಅಷ್ಟರಲ್ಲಾಗಲೇ ಚೀಲದಿಂದ ಗರಗಸ ತೆಗೆದಿದ್ದ. ಇಳಿಜಾರು ಹತ್ತಿ ಹೋದ. ಮೊದಲನೆಯ ಜಾಯಿಂಟಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಬೆಸುಗೆಯ ಉಂಗುರದ ಮೇಲೆ ಒಮ್ಮೆ ಹೆಬ್ಬೆರಳು ಓಡಿಸಿದ. ಅಂದು ತಾಮ್ರದ ಕೆಲಸಕ್ಕೆ ಕೈ ಇನ್ನೂ ಕೂತಿರಲಿಲ್ಲ, ಸೀಸ ಒಂದು ಕಡೆ ಹೆಚ್ಚಾಗಿ ಗೋಲಿಯಂತೆ ನಿಂತಿತ್ತು. ಈಗಿನ ಕಾಲದಲ್ಲಿ ಅವನ ಕೈಕೆಳಗಿನವರು ಯಾರಾದರೂ ಹಾಗೆ ಮಾಡಿದ್ದರೆ ಬೈದು ಬಿಚ್ಚಿಸುತ್ತಿದ್ದ. ಗರಗಸ ಇಟ್ಟು ಎಳೆದ. ತಾಮ್ರ ಮೆತ್ತಗೆ ಕುಯ್ದುಕೊಂಡಿತು. ಎಲ್ಲಾ ಹದಿನೇಳನ್ನು ಬಿಚ್ಚುವ ಅಗತ್ಯವಿರಲಿಲ್ಲ. ಮೇಲೆ ಕೆಳಗೆ ಎರಡು ಕಡೆ ಕತ್ತರಿಸಿದರೆ ಸಾಕಿತ್ತು. ಅವನು ಎಲ್ಲವನ್ನೂ ಬಿಚ್ಚಿದ. ತುಂಡುಗಳನ್ನು ಕಟ್ಟಿಗೆಯ ಹಾಗೆ ಹೊರೆ ಕಟ್ಟಿ ಗೋಡೆಗೆ ಒರಗಿಸಿ, ಬೇರೆ ಕೆಲಸಕ್ಕೆಂದು ತಂದಿಟ್ಟಿದ್ದ ಕರಿಯ ಪ್ಲಾಸ್ಟಿಕ್ ಪೈಪಿನ ಸುರುಳಿಯನ್ನು ಬಿಡಿಸಿಕೊಂಡು ಮೇಲಕ್ಕೆ ಎಳೆದ. ಫಿಲ್ಟರನ್ನು ತಬ್ಬಿ ಹಿಡಿದು ಕಿತ್ತು ಬದಿಗೆ ಉರುಳಿಸಿದ.

ಎಲೆನೀರು ಎಲ್ಲಿಂದ ತರುವುದು? ಒರತೆಯಿಂದ ಇನ್ನೂ ಮೇಲೆ ಒಂದು ದೊಡ್ಡ ಮರ ಬುಡಮೇಲಾಗಿ ಬಿದ್ದಲ್ಲಿ ಹೊಂಡವಾಗಿತ್ತು. ಅದರಲ್ಲಿ ನಿಂತ ನೀರು ಕಪ್ಪಗೆ, ತಳದಲ್ಲಿ ಮೊಳದಷ್ಟು ದಪ್ಪಕ್ಕೆ ಕೊಳೆತ ಎಲೆ. ಮೇಡಂ ಅದನ್ನೂ ಸೀಸೆಗೆ ಹಾಕಿ ನೋಡಿ ಆಗಬಹುದೆಂದರು. ಸ್ವಲ್ಪ ಸ್ವಲ್ಪವೇ ಬೆರೆಸಿ ಎಂದು ಎಚ್ಚರಿಸಿ ಹೊರಟುಹೋದರು. ಇಪ್ಪತ್ತು ಲೀಟರಿನ ಎರಡು ಕ್ಯಾನು. ಹೊಂಡದಿಂದ ಕಾಲುದಾರಿಯವರೆಗೆ ಮೇಸ್ತ್ರಿ ಹೊತ್ತು ತರುವುದು, ಅಲ್ಲಿಂದ ಶೆಡ್ಡಿಗೆ ಭಾವ ತಮ್ಮ ಹಳೆಯ ಸೈಕಲಿನಲ್ಲಿ ತಳ್ಳಿಕೊಂಡು ಹೋಗುವುದು. ಭಾವ ಅಂಚೆಯವರಾಗಿ ನಿವೃತ್ತರಾದವರು. ಬಾಗಿಲಿಗೆ ಬಂದಾಗಲೆಲ್ಲ ಬೆಲ್ಲು ಬಾರಿಸಿ, “ಪೋಸ್ಟ್,” ಎಂದು ಕೂಗುತ್ತಿದ್ದರು.

“ಮೂವತ್ತು ವರ್ಷ ಮಂದಿ ಕಾಗದ ಹೊತ್ತೆ,” ಎಂದರು ಆರನೆಯ ಸಲ, ಏದುಸಿರು ಬಿಡುತ್ತ. “ಯಾರ ಕಾಗದವೂ ಇಷ್ಟು ಭಾರ ಇರ್ಲಿಲ್ಲ.”

“ಅದರಲ್ಲಿ ಅರ್ಧ ನೀವು ತಲುಪಿಸಿದ್ರೆ ತಾನೆ,” ಅಂದಳು ಅಕ್ಕ, ಕ್ಯಾನು ಇಳಿಸಿಕೊಳ್ಳುತ್ತ.

ಮೇಸ್ತ್ರಿ ನಗಲಿಲ್ಲ. ಹದಿನಾಲ್ಕು ಸಲ ಹತ್ತಿ ಇಳಿದ. ಅವನ ಬಿಳಿ ಬನಿಯನ್ನು ಎದೆಯವರೆಗೆ ಕಂದು ಬಣ್ಣಕ್ಕೆ ತಿರುಗಿತ್ತು. ಆಮೇಲೆ ಬೇಲಿಯಾಚೆ ತಾನೇ ಎಸೆದಿದ್ದ ಕೊಳೆತ ಎಲೆಯ ರಾಶಿಯನ್ನು ಬರಿಗೈಯಿಂದ ಬಾಚಿ ಚೀಲಕ್ಕೆ ತುಂಬಿ, ಹೊತ್ತು ತಂದು, ಉಜ್ಜಿ ಬೆಳ್ಳಗೆ ಮಾಡಿದ್ದ ಗುಂಡಿಯ ಕಲ್ಲಿನ ಮೇಲೆ ಸುರಿದ. ಕೆಳಗೆ ಅಕ್ಕ ಚೊಂಬಿನಿಂದ ಒಂದೊಂದೇ ಚೊಂಬು ಕಪ್ಪು ನೀರನ್ನು ತೊಟ್ಟಿಯ ಗೋಡೆಗುಂಟ ಇಳಿಸುತ್ತಿದ್ದಳು. ಅದು ಮೊದಲು ಹೊಗೆಯ ಹಾಗೆ ಸುರುಳಿ ಸುತ್ತಿ, ಆಮೇಲೆ ಹರಡಿತು. ಸಂಜೆಯ ಹೊತ್ತಿಗೆ ತಳದ ಕೈಗುರುತು ಮಾಸಿತು. ಮೂಲೆಯ ಮರಿಗಳೂ ಮಾಸಿದವು. ಕೊನೆಯ ಚೊಂಬು ಸುರಿದಾಗ ತೊಟ್ಟಿಯಲ್ಲಿ ಕಾಣುತ್ತಿದ್ದದ್ದು ತಗಡಿನ ಮಾಡು ಮತ್ತು ಅದನ್ನು ಬಗ್ಗಿ ನೋಡುತ್ತಿದ್ದ ಇಬ್ಬರ ತಲೆ.

“ಈಗ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದ ಮೇಸ್ತ್ರಿ.

“ಏನು?”

“ಬದುಕಿವೆಯೋ ಇಲ್ವೋ ಅಂತ.”

“ಗೊತ್ತಾಗಲ್ಲ,” ಅಂದಳು ಅಕ್ಕ. “ಸತ್ತದ್ದು ಜಾಲರಿಗೆ ಬರುತ್ತೆ. ಬದುಕಿದ್ದು ಬರಲ್ಲ. ಅಷ್ಟೇ ಗೊತ್ತಾಗೋದು.”

ಬುಧವಾರ ಜಾಲರಿಗೆ ಬಂದದ್ದು ಎರಡು ಲೋಟ. ಅಕ್ಕ ಅದನ್ನು ಅವನ ಕಣ್ಣಿಗೆ ಬೀಳದಂತೆ ಗಿಡದ ಬುಡಕ್ಕೆ ಹೂಳಿದಳು, ಆದರೆ ಅವನು ನೋಡಿದ್ದ. ಗುರುವಾರ ಒಂದು ಲೋಟ. ಶುಕ್ರವಾರ ಮತ್ತೆ ಎಣಿಸಬಹುದಾಗಿತ್ತು, ಎಪ್ಪತ್ತಾರು. ಮೇಸ್ತ್ರಿ ಊರಿನ ಕೆಲಸಕ್ಕೆ ಹೋಗಲಿಲ್ಲ. ಒಂದು ಹೋಟೆಲಿನವನು ಫೋನು ಮಾಡಿ ಬಚ್ಚಲು ಕಟ್ಟಿದೆ ಎಂದಾಗ, “ಕಟ್ಟಿರ್ಲಿ,” ಎಂದು ಇಟ್ಟುಬಿಟ್ಟ. ದಿನಕ್ಕೆ ಎರಡು ಸಲ ಹೊಂಡದ ನೀರು ತಂದು ಕೊಡುತ್ತಿದ್ದ. ಉಳಿದ ಹೊತ್ತು ಭಾವನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿರುತ್ತಿದ್ದ. ಭಾವ ಅವನನ್ನು ಕೆಣಕುವುದನ್ನು ಬಿಟ್ಟಿದ್ದರು, ಅದು ಅವನಿಗೆ ಇನ್ನೂ ಕಷ್ಟವಾಗಿತ್ತು.

ಶನಿವಾರ ಅವನು ಬಾಯಿ ಬಿಟ್ಟ. “ಅವನು ಚರಂಡಿ ಅಂದಾಗ ನೀನು ಯಾಕಕ್ಕ ನಕ್ಕೆ?”

ಅಕ್ಕ ಮೇವು ಜರಡಿ ಹಿಡಿಯುತ್ತಿದ್ದಳು. “ಅಳ್ಬೇಕಿತ್ತಾ? ಅವನಿಗೆ ಗೊತ್ತಿಲ್ಲ, ಅಂದ. ನಿಂಗೂ ಗೊತ್ತಿರ್ಲಿಲ್ಲ. ನಂಗೂ ಏನು ದೊಡ್ಡದಾಗಿ ಗೊತ್ತಿತ್ತು, ಮೇಡಂ ಹೇಳೋವರೆಗೆ? ತಂದ ದಿನ ಅವು ಅಂಥ ನೀರಲ್ಲಿದ್ವು. ಅದಕ್ಕೇ ಅಂಥ ನೀರು ಕೊಟ್ಟೆ.” ಜರಡಿಯನ್ನು ತಟ್ಟಿದಳು. “ನೀನು ಯಾಕೆ ಮಾಡಿದೆ ಅಂತ ನಂಗೆ ಗೊತ್ತು ಕಣೋ. ಅದನ್ನೆಲ್ಲ ಇನ್ನು ಎತ್ತಬೇಡ.”

ಭಾನುವಾರ ಜಾಲರಿಗೆ ಬಂದದ್ದು ನಾಲ್ಕು. ಸೋಮವಾರ ಒಂದೂ ಇಲ್ಲ. ಮಂಗಳವಾರವೂ ಇಲ್ಲ. ಆದರೆ ಅದಕ್ಕೆ ಎರಡು ಅರ್ಥವಿತ್ತು. ಸಾಯುವುದು ನಿಂತಿರಬಹುದು, ಅಥವಾ ಸಾಯಲು ಏನೂ ಉಳಿದಿಲ್ಲದಿರಬಹುದು. ಮೇವು ಉದುರಿಸಿದರೆ ಅದು ನೀರಿನ ಮೇಲೆ ತೇಲಿ, ನೆನೆದು, ಮೆಲ್ಲನೆ ಕೆಳಗಿಳಿದು ಕಾಣದಾಗುತ್ತಿತ್ತು. ತಿಂದವೋ ಮುಳುಗಿತೋ ಹೇಳುವವರಿಲ್ಲ. ಮೇಸ್ತ್ರಿ ಟಾರ್ಚು ತಂದು ಬೆಳಕು ಬಿಟ್ಟು ನೋಡಿದ. ಗೇಣು ಆಳದವರೆಗೆ ಕೆಂಪಗೆ ಹೋದ ಬೆಳಕು ಅಲ್ಲಿಂದ ಮುಂದೆ ಹೋಗಲಿಲ್ಲ.

“ಒಂದು ಬಲೆ ಹಾಕಿ ಎತ್ತಿ ನೋಡೋಣ,” ಎಂದ.

“ಈಗಷ್ಟೇ ಚೇತರಿಸ್ಕೊಳ್ತಾ ಇರೋವು. ಬಲೆಗಿಲೆ ಬೇಡ.” ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. “ಕೈ ತೊಳ್ಕೊಂಡು ಬಾ. ಸೋಪು ಬೇಡ, ಬರೀ ನೀರಲ್ಲಿ.”

“ಯಾಕೆ?”

“ಬಾ ಅಂದ್ರೆ ಬಾ.”

ಅವನು ಹಿತ್ತಿಲ ಕಲ್ಲಿನ ಮೇಲೆ ಕೈಗಳನ್ನು ಗಸಗಸ ತಿಕ್ಕಿ ತೊಳೆದ. ಮೂವತ್ತು ವರ್ಷದ ಗ್ರೀಸು, ಸೀಸ, ಸಿಮೆಂಟು ತಿಂದ ಕೈ. ಬೆರಳ ಗಿಣ್ಣುಗಳೆಲ್ಲ ಬಿರುಕು ಬಿಟ್ಟಿದ್ದವು. ಅಕ್ಕ ಅವನ ಅಂಗಿಯ ತೋಳನ್ನು ಮಡಿಸಿದಳು. ಚಿಕ್ಕಂದಿನಲ್ಲಿ ಊಟಕ್ಕೆ ಕೂರಿಸುವ ಮೊದಲು ಮಡಿಸುತ್ತಿದ್ದ ಹಾಗೆಯೇ, ಸ್ವಲ್ಪ ಬಿಗಿಯಾಗಿ.

“ಹಾಕು. ಮೊಣಕೈವರೆಗೆ. ಅಲ್ಲಾಡಿಸ್ಬೇಡ.”

ನೀರು ತಣ್ಣಗಿತ್ತು. ಮೊದಲು ಮಣಿಕಟ್ಟು ಕಂದಾಯಿತು, ಬೆರಳುಗಳು ಕಾಣದಾದವು. ಅವನು ತೊಟ್ಟಿಯ ಅಂಚಿಗೆ ಎದೆಯಿಟ್ಟು ನಿಂತ. ಹೊರಗೆ ಭಾವ ಸೈಕಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು, ಪೆಡಲು ತಿರುಗುವ ಸದ್ದು ಬರುತ್ತಿತ್ತು. ಏನೂ ಆಗಲಿಲ್ಲ. ಕ್ಷಣಗಳು ಹೋದವು. ತೋಳು ಮರಗಟ್ಟತೊಡಗಿತು. ಅವನು ಅಕ್ಕನ ಮುಖ ನೋಡಿದ. ಅವಳು ನೀರನ್ನು ನೋಡುತ್ತಿದ್ದಳು.

ಆಮೇಲೆ ನಡುಬೆರಳ ಗಿಣ್ಣಿನ ಬಿರುಕಿಗೆ ಏನೋ ತಾಗಿತು. ದಾರದ ತುದಿ ತಾಗಿದಷ್ಟು. ತಾಗಿ, ಚಿವುಟಿದ ಹಾಗೆ ಮಾಡಿ, ಹೋಯಿತು. ಅವನು ಉಸಿರು ಹಿಡಿದ. ಮತ್ತೆ ಬಂತು. ಹೆಬ್ಬೆರಳ ಬುಡದಲ್ಲಿ ಇನ್ನೊಂದು. ಅಂಗೈಯ ನಡುವೆ ಒಂದು, ಉಗುರಿನ ಸಂದಿಯಲ್ಲಿ ಒಂದು, ಮಣಿಕಟ್ಟಿನ ಕೂದಲನ್ನು ಎಳೆಯುತ್ತ ಎರಡೋ ಮೂರೋ.

“ಎಷ್ಟು?” ಎಂದು ಮೆಲ್ಲನೆ ಕೇಳಿದಳು ಅಕ್ಕ.

ಮೇಸ್ತ್ರಿಯ ಅಂಗಿಯ ಮಡಿಸಿದ ತೋಳು ಜಾರಿ ನೀರಿಗೆ ಬಿದ್ದು ನೆನೆಯುತ್ತಿತ್ತು. ಅವನು ಅದನ್ನು ಮೇಲೆತ್ತಿಕೊಳ್ಳಲಿಲ್ಲ, ಕಣ್ಣು ಮುಚ್ಚಿಕೊಂಡು ಹಾಗೆಯೇ ನಿಂತಿದ್ದ.